ಕಲ್ಲುಮನೆಯಲ್ಲಿ ರಾಜರ ಸ್ನಾನದ ತೊಟ್ಟಿ

ತಿರುಪ್ಪೂರಿನ ಆಚೆ ಹಳೆಯ ಕಲ್ಲುಮನೆಯೊಂದನ್ನು ಗೆಸ್ಟ್ ಹೌಸ್ ಮಾಡುತ್ತಿದ್ದವರು ನಲ್ಲಿ ಕೂರಿಸಲು ನನ್ನನ್ನು ಕರೆಸಿದ್ದರು. ಕಲ್ಲಿನ ಗೋಡೆಗೆ ಸಿಮೆಂಟ್ ಮೆತ್ತಿ, ಅದರ ಮೇಲೆ ಕಲ್ಲಿನ ಚಿತ್ರ ಬರೆಸಿದ್ದರು. ಇವರ ಬುದ್ಧಿ ಎಂಥದೆಂದು ಅಲ್ಲೇ ನನಗೆ ಅರ್ಥವಾಗಬೇಕಿತ್ತು.

ನಡುಮನೆಯ ನೆಲದಲ್ಲಿ, ಕಿಟಕಿಯ ಪಕ್ಕ, ಕಲ್ಲು ಕಟ್ಟಿದ ಗುಂಡಿಯೊಂದಿತ್ತು. "ರಾಜರ ಕಾಲದ ಸ್ನಾನದ ತೊಟ್ಟಿ ತಂಬಿ, ನಲ್ಲಿ ಇದಕ್ಕೇ" ಎಂದರು ಮಾಲೀಕರು.

"ಇದು ಮಗ್ಗದ ಗುಂಡಿ ಸಾರ್. ನಮ್ಮ ತಾತ ಇಂಥದರಲ್ಲೇ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದರು."

"ನಿನಗೇನು ಗೊತ್ತು? ಆರ್ಕಿಟೆಕ್ಟ್ ಹೇಳಿದ್ದಾರೆ."

ನಲ್ಲಿ ಕೂರಿಸಿ ತಿರುಗಿಸಿದೆ. ಗುಂಡಿಯ ಕಲ್ಲುಗಳ ನಡುವೆ ಇದ್ದದ್ದು ಬರೀ ಮಣ್ಣು. ಬಿದ್ದ ನೀರೆಲ್ಲ ಇಂಗಿಹೋಯಿತು.

"ಯಾಕೆ ನಿಲ್ಲುತ್ತಿಲ್ಲ?"

"ರಾಜರು ಬೇಗಬೇಗ ಮಿಂದು ಏಳುತ್ತಿದ್ದರೇನೋ ಸಾರ್," ಎಂದೆ. "ಆರ್ಕಿಟೆಕ್ಟನ್ನೇ ಕೇಳಿ."