ನೋಡದೆ ಪಾಸ್ ಕೊಡುತ್ತಿದ್ದ ಅಕ್ಕ

ಕಾರಿನ ಡಿಕ್ಕಿ ತೆರೆದದ್ದೇ ತಡ, ಬಿಸಿ ರಬ್ಬರಿನ ವಾಸನೆ ಮುಖಕ್ಕೆ ಹೊಡೆಯಿತು. ಮಗಳ ಶಾಲೆಯ ಸಂಜೆಯ ಆಟಕ್ಕೆಂದು ಕೊಂಡ ಹೊಸ ಬಾಸ್ಕೆಟ್‌ಬಾಲು ಬೆಳಗಿನಿಂದ ಅಲ್ಲೇ ಬೆಂದಿತ್ತು. ದೋಹಾದ ಈ ಬಿಸಿಲಿಗೆ ಡಿಕ್ಕಿಯಲ್ಲಿಟ್ಟ ನೀರಿನಲ್ಲೇ ಚಹಾ ಕುದಿಸಬಹುದು, ಇನ್ನು ಚೆಂಡಿನ ಪಾಡೇನು! "ಮಮ್ಮಿ, ಯಲ್ಲಾ! ಲೇಟ್ ಆಯ್ತು," ಎಂದು ಮಗಳು ಅವಸರ ಮಾಡುತ್ತಿದ್ದಳು. ನಾನು ಚೆಂಡನ್ನು ಮೂಗಿಗೆ ಹಿಡಿದುಕೊಂಡು ಪಾರ್ಕಿಂಗಿನಲ್ಲಿ ನಿಂತೇ ಇದ್ದೆ. ಮಂಗಳೂರಿನ ನಮ್ಮ ಕಾಲೇಜಿನ ಸಿಮೆಂಟು ಕೋರ್ಟು, ಮಾರ್ಚ್ ತಿಂಗಳ ಸೆಕೆ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದ ಅಕ್ಕ... ಎಲ್ಲ ಒಟ್ಟಿಗೆ ಬಂದವು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಕಾಲೇಜಿನಲ್ಲಿ ನನಗಿಂತ ಸೀನಿಯರ್, ನಮ್ಮ ಹುಡುಗಿಯರ ಟೀಮಿನ ಪಾಯಿಂಟ್ ಗಾರ್ಡ್. ಅಂದರೆ ಚೆಂಡನ್ನು ಮುಂದೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವಳು. ಆ ಕಾಲದ ಅಂತರಕಾಲೇಜು ಪಂದ್ಯಗಳಲ್ಲಿ ಚೆಂಡು ಆಡಿಸುವವರಿಗೇನೂ ಬರಗಾಲವಿರಲಿಲ್ಲ. ಉಡುಪಿ ಕಡೆಯ ಒಬ್ಬಳ ಅಂಗೈಗೆ ಚೆಂಡು ಹಲಸಿನ ಮೇಣ ಹಚ್ಚಿದ ಹಾಗೆ ಅಂಟಿಕೊಳ್ಳುತ್ತಿತ್ತು, ಕಿತ್ತುಕೊಳ್ಳಲು ಹೋದವರು ಬರಿಗೈಲಿ ಬರುತ್ತಿದ್ದರು. ಪುತ್ತೂರಿನವಳೊಬ್ಬಳು ಎದುರಾಳಿಯ ಎರಡು ಕಾಲುಗಳ ನಡುವೆಯೇ ಚೆಂಡು ಪುಟಿಸಿ ಕಳಿಸಿಬಿಡುತ್ತಿದ್ದಳು. ಪಾಪ, ಆ ಎದುರಾಳಿ ತನ್ನ ಕಾಲಬುಡದಲ್ಲೇ ಹುಡುಕುತ್ತಿದ್ದಳು. ಮಡಿಕೇರಿಯ ಎಡಗೈಯವಳ ಬಗ್ಗೆ ಹೇಳಹೊರಟರೆ ಇವತ್ತು ಮುಗಿಯುವುದಿಲ್ಲ. ಆದರೆ ಅವರೆಲ್ಲ ಕೊಡುವ ಮೊದಲು ಒಮ್ಮೆ ನೋಡುತ್ತಿದ್ದರು. ಅಕ್ಕ ನೋಡುತ್ತಿರಲಿಲ್ಲ.

ಮುಖ ಎಡಕ್ಕೆ, ಕಣ್ಣು ಎಡಕ್ಕೆ, ಚೆಂಡು ಮಾತ್ರ ಬಲಕ್ಕೆ! ಅವಳು ಕೊಟ್ಟ ಮೊದಲ ಪಾಸು ನೇರ ನನ್ನ ಮೂಗಿಗೆ ಬಡಿದು ರಕ್ತ ಸುರಿಯಿತು. ತನ್ನದೇ ಕರ್ಚೀಫನ್ನು ನನ್ನ ಮೂಗಿಗೆ ಒತ್ತಿ ಹಿಡಿದು ನಕ್ಕಳು. "ಪಾಸ್ ಪಾಸ್ ಅಂತ ಬೊಬ್ಬೆ ಹಾಕ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ನೀನು ಇರ್ಬೇಕಾದಲ್ಲಿ ಇರು. ಚೆಂಡು ಬರ್ತದೆ," ಎಂದಳು. ಅದೇ ನಮ್ಮ ಟೀಮಿನ ಕ್ರಮವಾಯಿತು. ಬೇರೆ ಕಾಲೇಜಿನವರು ಸಂತೆಯ ಹಾಗೆ ಕೂಗಾಡುತ್ತಿದ್ದರೆ ನಾವು ಬಾಯಿ ಮುಚ್ಚಿಕೊಂಡು ಆಡುತ್ತಿದ್ದೆವು. ನನ್ನದು ಬಲಮೂಲೆ. ಅಲ್ಲಿ ನಿಂತರೆ ಚೆಂಡು ಬಂದೇ ಬರುತ್ತಿತ್ತು. ಅಕ್ಕನ ಕಿವಿಯ ಪಕ್ಕದಲ್ಲೂ ಕಣ್ಣುಂಟು ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಮದುವೆಯಾಗಿ ಕತಾರಿಗೆ ಬಂದಾಗ ನಾನು ಅವಳನ್ನು ಮರೆತೇಬಿಟ್ಟಿದ್ದೆ ಎನ್ನಬೇಕು. ಗಂಡನಿಗೆ ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಶಿಫ್ಟು ಕೆಲಸ. ಅವರು ಮನೆಯಲ್ಲಿದ್ದರೆ ನಿದ್ದೆ, ಇಲ್ಲದಿದ್ದರೆ ಡ್ಯೂಟಿ. ದೋಹಾದ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿ ನಾನೂ ಎ.ಸಿ.ಯ ಸದ್ದೂ. ಒಂದು ದಿನ ಸೂಪರ್ ಮಾರ್ಕೆಟಿನ ಮೀನಿನ ಕೌಂಟರಿನಲ್ಲಿ ಬೂತಾಯಿ ಆರಿಸುತ್ತಿದ್ದಾಗ ಪಕ್ಕದಿಂದ ದನಿ ಬಂತು. "ಅದು ತಾಜಾ ಇಲ್ಲ, ಕಣ್ಣು ನೋಡು." ತಿರುಗಿದರೆ ಅಕ್ಕ! ಇಲ್ಲಿಯ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದಳಂತೆ. ಮದುವೆಯ ಉಸಾಬರಿಗೆ ಹೋಗಿರಲಿಲ್ಲ. ಮೀನಿನ ಕೈಯಲ್ಲೇ ಇಬ್ಬರೂ ತಬ್ಬಿಕೊಂಡೆವು.

ಇಲ್ಲಿ ವಾರದ ರಜೆಯಾದ ಶುಕ್ರವಾರ, ಅಬು ಹಮೂರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿಸಿ ಅಕ್ಕ ನೇರ ತನ್ನ ಶಾಲೆಯ ಕೋರ್ಟಿಗೆ ಬರುತ್ತಿದ್ದಳು. ಅಲ್ಲಿ ನಮ್ಮ ಕಾಲೇಜು ಟೀಮಿನ ಹಳೆಯ ಹುಡುಗಿಯರಲ್ಲಿ ದೋಹಾಕ್ಕೆ ಬಂದಿದ್ದವರೆಲ್ಲ ಸೇರುತ್ತಿದ್ದೆವು. ಒಬ್ಬಳು ನರ್ಸು, ಒಬ್ಬಳು ಅಕೌಂಟೆಂಟು, ಉಳಿದವರು ನನ್ನ ಹಾಗೆ ಮನೆವಾರ್ತೆಯವರು. ಹೊಟ್ಟೆ ಬಂದಿತ್ತು, ಮಂಡಿ ನೋಯುತ್ತಿತ್ತು, ಆದರೆ ಪ್ರತಿಯೊಬ್ಬಳೂ ತನ್ನ ಹಳೆಯ ಜಾಗದಲ್ಲೇ ನಿಲ್ಲುತ್ತಿದ್ದಳು. ಅಕ್ಕ ಎಡಕ್ಕೆ ನೋಡುತ್ತಿದ್ದಳು, ಚೆಂಡು ಬಲಮೂಲೆಯ ನನ್ನ ಕೈಗೆ ಬಂದು ಕೂರುತ್ತಿತ್ತು. ಆ ಶುಕ್ರವಾರಗಳು ಇಲ್ಲದಿದ್ದರೆ ನಾನು ಯಾವತ್ತೋ ಗಂಟುಮೂಟೆ ಕಟ್ಟಿ ಊರಿಗೆ ಹೋಗುತ್ತಿದ್ದೆ.

ಅಷ್ಟರಲ್ಲಿ ಅಕ್ಕನ ಕಾರಿನ ಬದಿಯಲ್ಲಿ ಗೀಚು ಕಾಣತೊಡಗಿತು. ತೋಳು ಬಾಗಿಲಿಗೆ ಬಡಿದು ನೀಲಿಗಟ್ಟುತ್ತಿತ್ತು. ನಮ್ಮ ಮನೆಗೆ ಬಂದರೆ ಪಕ್ಕದಲ್ಲಿಟ್ಟ ಚಹಾ ಲೋಟಕ್ಕೆ ಮೊಣಕೈ ತಾಗಿಸಿ ಚೆಲ್ಲುತ್ತಿದ್ದಳು. "ಆಟದಲ್ಲಿ ನಾಲ್ಕು ಕಣ್ಣು, ಮನೇಲಿ ಒಂದೂ ಇಲ್ಲ!" ಎಂದು ನಾವು ಗೇಲಿ ಮಾಡುತ್ತಿದ್ದೆವು. ಅವಳೂ ನಗುತ್ತಿದ್ದಳು. ವಯಸ್ಸಾಯ್ತು ಮಾರಾಯ್ತಿ, ಅನ್ನುತ್ತಿದ್ದಳು.

ಒಂದು ಶುಕ್ರವಾರ ನನ್ನ ಕಾಲು ಉಳುಕಿತ್ತು. ನನ್ನ ಬದಲಿಗೆ ಕೇರಳದ ಹುಡುಗಿಯೊಬ್ಬಳು ಆಡಲು ಇಳಿದಳು. ಅವಳಿಗೆ ನಮ್ಮ ಜಾಗಗಳ ಲೆಕ್ಕ ಗೊತ್ತಿಲ್ಲ, ಬೇಕಾದ ಕಡೆ ಓಡುತ್ತಿದ್ದಳು. ಅಕ್ಕ ಎಡಕ್ಕೆ ನೋಡಿ ಬಲಮೂಲೆಗೆ ಚೆಂಡು ಎಸೆದಳು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೋಡೆಗೆ ಬಡಿಯಿತು. ನಾವು ಆ ಹುಡುಗಿಯನ್ನೇ ತರಾಟೆಗೆ ತೆಗೆದುಕೊಂಡೆವು. ಮತ್ತೊಮ್ಮೆ ಹಾಗೇ ಆದಾಗ ಆ ಹುಡುಗಿ ಬದಿಯಲ್ಲಿ ನಿಂತಿದ್ದ ನನ್ನ ಹತ್ತಿರ ಬಂದು ಹಿಂದಿಯಲ್ಲಿ ಹೇಳಿದಳು. "ದೀದಿಗೆ ನಾನು ಕಾಣ್ತಾ ಇಲ್ಲ. ನಾನು ಅವರ ಪಕ್ಕದಲ್ಲೇ ಇದ್ದೆ."

ನಾವೆಲ್ಲ ಹೋ ಎಂದು ನಕ್ಕೆವು. ಅಕ್ಕ ನೋಡಿ ಕೊಡುವವಳೇ ಅಲ್ಲವಲ್ಲ! ನೋಡದಿರುವುದೇ ಅವಳ ಹೆಚ್ಚುಗಾರಿಕೆ ಎಂದು ಕಾಲೇಜಿನಿಂದಲೂ ನಂಬಿದ ನಮಗೆ, ಅವಳಿಗೆ ಕಾಣುತ್ತಿಲ್ಲ ಎಂಬ ಮಾತು ತಲೆಗೇ ಹೋಗಲಿಲ್ಲ. ಬೇರೆ ಯಾರ ಟೀಮಿನಲ್ಲಿದ್ದರೂ ಯಾವತ್ತೋ ಗೊತ್ತಾಗುತ್ತಿತ್ತು. ನಮ್ಮೊಂದಿಗೆ ಇದ್ದುದರಿಂದ ಗೊತ್ತಾಗಲಿಲ್ಲ. ಅದಾದ ಸ್ವಲ್ಪ ಹೊತ್ತಿಗೆ ಪಕ್ಕದಿಂದ ಬಂದ ನಮ್ಮ ಅಕೌಂಟೆಂಟಿಗೆ ಢಿಕ್ಕಿ ಹೊಡೆದು ಅಕ್ಕ ಬಿದ್ದಳು. ಹುಬ್ಬು ಒಡೆಯಿತು. ಹೊಲಿಗೆ ಹಾಕಿಸಲು ಕರೆದುಕೊಂಡು ಹೋದ ಆಸ್ಪತ್ರೆಯಲ್ಲೇ ಕಣ್ಣಿನ ಡಾಕ್ಟರಿಗೂ ತೋರಿಸಿದೆವು.

ಗ್ಲಾಕೋಮಾ ಎಂದರು. ಕಣ್ಣಿನ ಒಳಗಿನ ಒತ್ತಡದಿಂದ ನರ ಸಾಯುತ್ತಾ ಬಂದಿದೆ, ಎರಡೂ ಬದಿಯ ನೋಟ ಹೋಗಿ ಕೊಳವೆಯಲ್ಲಿ ಇಣುಕಿದ ಹಾಗೆ ನಡುವಿನಷ್ಟೇ ಉಳಿದಿದೆ, ಹೋದದ್ದು ಇನ್ನು ಬರುವುದಿಲ್ಲ. ಮೊದಲೇ ತೋರಿಸಿದ್ದರೆ ಹನಿ ಔಷಧದಲ್ಲೇ ಹಿಡಿದು ನಿಲ್ಲಿಸಬಹುದಿತ್ತಂತೆ. ಅಯ್ಯೋ ದೇವರೇ... ಡಾಕ್ಟರು ಅದನ್ನು ಎಷ್ಟು ಮೆಲ್ಲಗೆ ಹೇಳಿದರು!

ಹೊರಗೆ ಕಾರಿನಲ್ಲಿ ಕೂತು ಕೇಳಿದೆ. "ಯಾವಾಗಿಂದ ಅಕ್ಕ ಹೀಗೆ? ನಿನಗೂ ಗೊತ್ತಾಗ್ಲಿಲ್ವಾ?"

"ನೀವೆಲ್ಲ ಇದ್ದಲ್ಲೇ ಇರ್ತೀರಿ ಅಂತ ಕೊಡ್ತಿದ್ದೆ," ಎಂದಳು. "ಇರ್ತಿದ್ರಿ ಅಲ್ವಾ? ಚೆಂಡು ಸರಿ ಹೋಗ್ತಿತ್ತಲ್ಲ. ಹಾಗಾಗಿ ಕಾಣ್ತಾ ಉಂಟು ಅಂತಲೇ ತಿಳ್ಕೊಂಡಿದ್ದೆ." ಹುಬ್ಬಿನ ಪಟ್ಟಿ ಮುಟ್ಟಿಕೊಂಡಳು. ಆಮೇಲೆ, "ನೀನು ಎದುರಿಗೆ ಬಾ, ಅಳ್ತಾ ಇದ್ದೀಯಾ ನೋಡ್ತೇನೆ," ಎಂದಳು.

ಕೆಲಸ ಬಿಟ್ಟು ಊರಿಗೆ, ತಮ್ಮನ ಮನೆಗೆ ಹೋದಳು. ಔಷಧ ಹಾಕುತ್ತಲೇ ಇದ್ದಳು, ಆದರೂ ಆ ನಡುವಿನ ಚೂರು ಬೆಳಕೂ ಉಳಿಯಲಿಲ್ಲ. ಫೋನಿನಲ್ಲಿ ಮಾತ್ರ ಅದೇ ಹಳೆಯ ಜೋರು. ಯಾರು ಆಡಿದಿರಿ, ಯಾರು ಗೆದ್ದಿರಿ ಎಂದು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಿದ್ದಳು. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದವಳು ಏಳಲಿಲ್ಲ. ತಮ್ಮನೇ ಫೋನ್ ಮಾಡಿ ತಿಳಿಸಿದ. ಮಣ್ಣಿಗೆ ಹೋಗಲು ನನ್ನಿಂದಾಗಲಿಲ್ಲ.

ಮಗಳನ್ನು ಶಾಲೆಯಲ್ಲಿ ಇಳಿಸಿ ಮನೆಗೆ ಬಂದು ಫೋನು ತೆರೆದೆ. ನಮ್ಮ ಗುಂಪಿಗೆ ಯಾರೋ ಕಳಿಸಿದ್ದ ಒಂದು ಹಳೆಯ ಶುಕ್ರವಾರದ ವಿಡಿಯೊ ಅದರಲ್ಲಿದೆ. ನಾನು ಆಗಾಗ ಹಾಕಿ ನೋಡುತ್ತೇನೆ. ಅಕ್ಕ ಎಡಕ್ಕೆ ನೋಡುತ್ತಾಳೆ, ಚೆಂಡು ಬಲಮೂಲೆಗೆ ಬರುತ್ತದೆ, ನಾನು ಎಸೆಯುತ್ತೇನೆ, ಚೆಂಡು ಬಲೆಯೊಳಗೆ. ಎಲ್ಲರೂ ಕಿರುಚುತ್ತಾರೆ. ಅಷ್ಟೇ ಎಂದುಕೊಂಡಿದ್ದೆ, ಇಷ್ಟು ದಿನ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಇವತ್ತು ಕೊನೆಯವರೆಗೆ ಬಿಟ್ಟೆ. ನಾನು ಅವಳ ಪಕ್ಕಕ್ಕೆ ಓಡಿ ಬಂದು, ಕೈಗೆ ಕೈ ತಟ್ಟಲೆಂದು ಅಂಗೈ ಚಾಚಿ ನಿಲ್ಲುತ್ತೇನೆ. ಅಕ್ಕ ನೆಟ್ಟಗೆ ನೋಡುತ್ತಾ ನಿಂತೇ ಇದ್ದಾಳೆ. ನಾನು ನಗುತ್ತಾ ಅವಳ ಭುಜಕ್ಕೊಂದು ಏಟು ಹಾಕುತ್ತೇನೆ. ಅಕ್ಕ ಬೆಚ್ಚಿಬೀಳುತ್ತಾಳೆ.