ಐವಿಯ ಶುಕ್ರವಾರದ ಜಾಗ

ಶುಕ್ರವಾರ ಮಾತ್ರ ನಮ್ಮ ಪೇಟೆಬೀದಿಯ ಅಂಗಡಿಗಳು ರಾತ್ರಿಯವರೆಗೂ ತೆರೆದಿರುತ್ತಿದ್ದವು. ಮಲ್ಲೀ ಸೀಮೆಯ ಗೋಧಿ ಬೆಳೆಯುವವರೆಲ್ಲ ಅವತ್ತು ಊರಿಗೆ ಇಳಿಯುತ್ತಿದ್ದರು. ಗಂಡಸರು ನೇರ ಪಬ್ಬಿಗೆ, ಮಕ್ಕಳು ಆಲೂ ಚಿಪ್ಸ್ ಕರಿಯುವವನ ಹತ್ತಿರಕ್ಕೆ. ಹೆಂಗಸರು ಸಾಮಾನು ಕೊಂಡು ಮುಗಿಸಿ, ಅಂಗಡಿಗಳಿಗೆ ಮೂತಿ ಕೊಟ್ಟು ನಿಲ್ಲಿಸಿದ ಕಾರುಗಳಲ್ಲಿ ಕೂತು, ಎದುರಿಗೆ ಓಡಾಡುವವರನ್ನು ನೋಡುತ್ತಿದ್ದರು. ಯಾರ ಕೋಟು ಹೊಸದು, ಯಾರ ಮಗಳು ಯಾರ ಮಗನ ಜೊತೆ ನಗುತ್ತಿದ್ದಾಳೆ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಹಾಗಾಗಿ ಒಳ್ಳೆಯ ಜಾಗಕ್ಕೆ ಜಗಳವೇ ಆಗುತ್ತಿತ್ತು.

ಎಲ್ಲಕ್ಕಿಂತ ಒಳ್ಳೆಯ ಜಾಗ ಹೆಂಗಸರ ಕೂದಲು ಸಿಂಗರಿಸುವ ನನ್ನ ಸಲೂನಿನ ಪಕ್ಕದ್ದು. ಅದನ್ನು ಹಿಡಿಯುತ್ತಿದ್ದವನು ಅರ್ನಿ ಪಾಸ್ಕೋ. ಬೆಳಗಾಗುವ ಮೊದಲೇ ತನ್ನ ಹಸಿರು ಕಾರನ್ನು ತಂದು ಅಲ್ಲಿ ನಿಲ್ಲಿಸಿ, ಟಪಾಲು ವ್ಯಾನು ಹತ್ತಿ ಹೊಲಕ್ಕೆ ವಾಪಸಾಗುತ್ತಿದ್ದ. ಸಂಜೆ ಹೆಂಡತಿ ಐವಿಯನ್ನು ಗೋಧಿ ಲಾರಿಯಲ್ಲಿ ಕರೆತಂದು, ಕಾರಿನ ಬಾಗಿಲು ತೆಗೆದು ಕೂರಿಸುತ್ತಿದ್ದ. ಒಂದು ಕಾರಿನಲ್ಲಿ ಕೂರುವುದಕ್ಕೆ ಇನ್ನೊಂದು ಗಾಡಿಯಲ್ಲಿ ಬರುವ ಜನ ಇವರಿಬ್ಬರೇ.

ಬೆಳಿಗ್ಗೆ ಅಂಗಡಿ ತೊಳೆಯುತ್ತಿದ್ದ ಮಾಂಸದಂಗಡಿಯ ಡೆಸ್ ಅವನನ್ನು ಬಿಡುತ್ತಿರಲಿಲ್ಲ. “ಏನಪ್ಪಾ ಅರ್ನಿ, ರಾತ್ರಿ ಹೆಂಡ್ತಿ ಆಚೆ ಹಾಕಿದ್ಲಾ? ಕಾರಲ್ಲೇ ಮಲಗಿದ್ದಂಗಿದೆ.”

“ನಿನ್ ಹೆಂಡ್ತಿಗೆ ಇಂಥ ಗಂಡ ಸಿಗಲಿಲ್ವಲ್ಲ ಅಂತ ಹೊಟ್ಟೆಉರಿ ನಿಂಗೆ” ಎನ್ನುತ್ತಿದ್ದ ಅರ್ನಿ.

ಐವಿ ಸಣ್ಣ ಮೈಯವಳು, ಮಾತು ಕಡಿಮೆ. ಅವಳ ಸ್ಪಂಜ್ ಕೇಕಿಗೆ ಮಾತ್ರ ಸುತ್ತಮುತ್ತ ಸಾಟಿ ಇರಲಿಲ್ಲ. ಕಾರಿನಲ್ಲಿ ಕೂತವಳು ಓಡಾಡುವವರನ್ನು ನೋಡುತ್ತಿರಲಿಲ್ಲ ಎನ್ನುವುದನ್ನು ಮೊದಲು ಗಮನಿಸಿದವಳು ನಾನೇ. ಅವಳ ಕಣ್ಣು ಎದುರಿಗಿದ್ದ ಮುಚ್ಚಿದ ಅಂಗಡಿಯ ಮೇಲೆ. ಕುದುರೆಗಳ ಜೀನು ಹೊಲಿಯುವವನ ಅಂಗಡಿ ಅದು. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಬೀಗ ಬಿದ್ದಿತ್ತು.

ಕೂದಲಿಗೆ ಗುಂಗುರು ಹಾಕಿಸಿಕೊಳ್ಳಲು ಬಂದಾಗ ಒಮ್ಮೆ ಕೇಳಿಯೇಬಿಟ್ಟೆ. ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದಳು.

“ಯಾರಿಗೂ ಹೇಳ್ಬೇಡ ನೊರೀನ್. ನಂಗೆ ಅಲ್ಲೊಂದು ಟೀ ಅಂಗಡಿ ಇಡ್ಬೇಕು. ಟೀ, ಸ್ಕೋನ್ ಬನ್ನು, ನನ್ ಕೇಕು. ಅಷ್ಟೆ.”

“ಅರ್ನಿಗೆ ಹೇಳಿದ್ಯಾ?”

“ಒಂದ್ಸಲ, ಆ ಅಂಗಡಿ ಪಾಪ ಖಾಲಿ ಬಿದ್ದಿದೆ ಅಂದೆ. ಇಲಿ ಸೇರ್ಕೊಂಡಿರುತ್ತೆ ಬಿಡು ಅಂದ.”

“ಅದು ಹೇಳ್ದಂಗಾಯ್ತೇನೇ? ಬಾಯ್ಬಿಟ್ಟು ಹೇಳು.”

“ಪಾಪ, ನಂಗೋಸ್ಕರ ಅಷ್ಟ್ ಹೊತ್ತಿಗೇ ಎದ್ದು ಬಂದು ಜಾಗ ಹಿಡೀತಾನೆ. ನಂಗೆ ಬೇಕಾಗಿದ್ದು ಅದಲ್ಲ ಅಂತ ಹೆಂಗೆ ಹೇಳ್ಲಿ?”

ನಮ್ಮ ಸೀಮೆಯ ಹೆಂಗಸರ ಮೇಲೆ ನನಗೆ ಸಿಟ್ಟು ಬರುವುದೇ ಇದಕ್ಕೆ. ಏನು ಬೇಕು ಅಂದರೆ ಏನೂ ಬೇಡ ಅನ್ನುತ್ತಾರೆ. ಆಮೇಲೆ ಬೇಕಾದ್ದನ್ನು ಗಾಜಿನಾಚೆಯಿಂದ ನೋಡುತ್ತಾ ಆಯುಸ್ಸು ಕಳೆಯುತ್ತಾರೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಐವಿಗೆ ಬಾಯಿ ಇದ್ದದ್ದು ಕೇಕಿನ ಹದ ನೋಡುವುದಕ್ಕೆ ಮಾತ್ರ.

ಆ ವಸಂತದಲ್ಲಿ ಅಂಗಡಿಗೆ ‘ಬಾಡಿಗೆಗೆ’ ಎಂಬ ಹಲಗೆ ಬಿತ್ತು. ಟ್ರ್ಯಾಕ್ಟರ್ ಬಿಡಿಭಾಗ ಮಾರುವವನೊಬ್ಬ ಕೇಳಿಕೊಂಡೂ ಹೋದ. ಆಗ ಐವಿ ಮಾಡಿದ್ದನ್ನು ನಾನು ಇವತ್ತಿಗೂ ನಂಬಲಾರೆ. ತಾನೇ ಹೋಗಿ ಮಾಲೀಕನನ್ನು ಕಂಡು, ಶನಿವಾರ ಬೆಳಗಿನವರೆಗೆ ತಡೆಯಿರಿ, ಗಂಡನ ಜೊತೆ ಬರುತ್ತೇನೆ ಎಂದು ಮಾತು ತೆಗೆದುಕೊಂಡಳು.

“ಶುಕ್ರವಾರ ಕಾರಲ್ಲಿ ಕೂತ್ಕೊಂಡು, ಅಂಗಡಿ ತೋರ್ಸಿ ಹೇಳ್ತೀನಿ” ಎಂದಳು. ಅವಳ ಕೆನ್ನೆ ಕೆಂಪಾಗಿತ್ತು. ಆ ಮುಖದಲ್ಲಿ ಅಷ್ಟು ಆಸೆ ನಾನು ಎಂದೂ ಕಂಡಿರಲಿಲ್ಲ.

ಶುಕ್ರವಾರ ಸಂಜೆ ನಾನು ಬಾಗಿಲು ತೆರೆದಿಟ್ಟು, ಗುಡಿಸಿದ ನೆಲವನ್ನೇ ಗುಡಿಸುತ್ತಿದ್ದೆ. ಲಾರಿ ಬಂತು. ಆದರೆ ಅರ್ನಿ ಐವಿಯನ್ನು ಕಾರಿನಲ್ಲಿ ಕೂರಿಸಲಿಲ್ಲ. ಕಾರಿನ ಮುಂದೆ ಹೊಸ ಕಂಬವೊಂದನ್ನು ನೆಟ್ಟು, ಅದಕ್ಕೆ ಗೋಣಿಚೀಲ ಮುಚ್ಚಿದ್ದರು. ಡೆಸ್, ಪೇಪರ್ ಅಂಗಡಿಯವರು, ಊರ ಕೌನ್ಸಿಲ್ಲಿನ ಒಬ್ಬರು ಸುತ್ತ ನಿಂತಿದ್ದರು. ಅರ್ನಿ ಚೀಲ ಎಳೆದ. ಒಳಗೊಂದು ಹಲಗೆ.

‘ಶುಕ್ರವಾರ ಸಂಜೆ ಶ್ರೀಮತಿ ಐವಿ ಪಾಸ್ಕೋ ಅವರಿಗೆ ಮೀಸಲು.’

ಅಕ್ಕಪಕ್ಕದವರ ಹತ್ತಿರ ಒಂದು ಸ್ಪ್ಯಾನರನ್ನೂ ಕೇಳದ ಮನುಷ್ಯ ಅವನು. ಇದಕ್ಕಾಗಿ ವರ್ಷವಿಡೀ ಟೋಪಿ ಕೈಯಲ್ಲಿ ಹಿಡಿದು ಕೌನ್ಸಿಲ್ಲಿನವರ ಹಿಂದೆ ಅಲೆದಿದ್ದನಂತೆ.

“ಇನ್ಮೇಲೆ ಯಾರೂ ಇದನ್ನ ಕಿತ್ಕೊಳ್ಳೋ ಹಾಗಿಲ್ಲ ಐವಿ” ಎಂದ. “ನಾನ್ ಸತ್ರೂ ಈ ಜಾಗ ನಿಂದೇ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಐವಿ ತಲೆಯೆತ್ತಿ ನನ್ನನ್ನು ನೋಡಿದಳು. ಹೇಳು ಎಂದು ಕಣ್ಣಿನಲ್ಲೇ ಅಂದೆ. ಅವಳು ಗಂಡನ ಕಡೆ ತಿರುಗಿ, ಮಡಿಚಿಕೊಂಡಿದ್ದ ಅವನ ಕಾಲರ್ ಸರಿಮಾಡಿದಳು.

“ತುಂಬ ಚೆನ್ನಾಗಿದೆ ಅರ್ನಿ. ನಂಗಿನ್ನೇನು ಬೇಕು?”

ಅವನು ಕಣ್ಣೊರೆಸಿಕೊಂಡು ಗೆಳೆಯರ ಜೊತೆ ಪಬ್ಬಿಗೆ ಹೋದ. ನಾನು ಕಾರಿನೊಳಗೆ ನುಗ್ಗಿ ಅವಳ ಪಕ್ಕ ಕೂತೆ.

“ನಾಳೆ ಬೆಳಿಗ್ಗೆವರ್ಗೂ ಟೈಮಿದೆ. ಮನೆಗೆ ಹೋಗಿ ಹೇಳೇ.”

“ಅವನ ಮುಖ ನೋಡಿದ್ಯಲ್ಲ ನೊರೀನ್.”

ನೋಡಿದ್ದೆ. ಅದಕ್ಕೇ ನನ್ನ ನಾಲಿಗೆಯೂ ಏಳಲಿಲ್ಲ.

ಮುಂದಿನ ಶುಕ್ರವಾರದ ಹೊತ್ತಿಗೆ ಆ ಅಂಗಡಿಯ ಗಾಜಿನ ಹಿಂದೆ ಬೆಲ್ಟು, ಫಿಲ್ಟರು, ಗ್ರೀಸ್ ಡಬ್ಬಗಳು ಸಾಲಾಗಿ ಕೂತಿದ್ದವು. ಐವಿ ತನ್ನ ಜಾಗದಲ್ಲಿ ಕೂತಿದ್ದಳು. ನಾನು ಸಲೂನು ಮುಚ್ಚಿ ಹೋಗಿ ಪಕ್ಕದಲ್ಲಿ ಕೂತೆ.

“ಕಿಟಕಿ ಹತ್ರ ಎರಡು ಟೇಬಲ್ ಹಿಡೀತಿತ್ತು” ಎಂದಳು.

“ಮೂರು” ಎಂದೆ.

ಅವಳು ಗಾಜಿನ ಈ ತುದಿಯಿಂದ ಆ ತುದಿಗೆ ಕಣ್ಣಿನಲ್ಲೇ ಅಳೆದು ನೋಡಿದಳು.

“ಹೌದು. ಮೂರು ಹಿಡೀತಿತ್ತು.”