ಬಂಪರ್ ಹೋಯಿತು, ಬೋನಸ್ಸೂ ಹೊರಟಿತು

ಇದು ನಡೆದದ್ದು ಸೋಮವಾರ. ಭಾನುವಾರವೂ ಇರಬಹುದು. (ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ.) ಕಾರು ಗುದ್ದಿದ ಗೇಟು ಅರ್ಧ ತೆರೆದಿತ್ತೋ, ಪೂರ್ತಿ ಮುಚ್ಚಿತ್ತೋ, ಅದೂ ಮರೆತಿದೆ. ನನ್ನ ಕಾರಿನ ಬಂಪರ್ ಕಿತ್ತುಬಂದದ್ದು ಮಾತ್ರ ಖಚಿತ.

ಓಡಿಸಿದ್ದು ನಾನಲ್ಲ. ಪಕ್ಕದ ಮನೆಯಲ್ಲೇ ಇರುವ ದೊಡ್ಡಪ್ಪ. ರಿಟೈರ್ಡ್ ಹೆಡ್‌ಮಾಸ್ಟರ್, ವಯಸ್ಸು ಎಪ್ಪತ್ತೆರಡು, ನಮ್ಮ ಬಳಗದಲ್ಲಿ ಏಳು ಜನಕ್ಕೆ ಡ್ರೈವಿಂಗ್ ಕಲಿಸಿದ ಗುರು. ಮಾದಾಪುರದಲ್ಲಿರುವ ಗೆಳೆಯರ ತೋಟಕ್ಕೆ ಹೋಗಿಬರುತ್ತೇನೆಂದು ಕೀ ಒಯ್ದಿದ್ದರು.

"ನಾನು ಸರಿಯಾಗೇ ಹೋದೆ ಮಗಾ. ಆ ತೋಟದ ಗೇಟೇ ರೋಡಿಗೆ ಬಂದು ನಿಂತದೆ," ಎಂದರು, ಹಿಂದಿನ ಸೀಟಿನಿಂದ ಬಂಪರ್ ಇಳಿಸುತ್ತಾ. "ಇನ್ಶೂರೆನ್ಸ್ ಇರೋದು ಯಾಕೆ? ಹಾಕು ಕ್ಲೇಮು!"

ಎಷ್ಟು ಸಲೀಸು! ಐದು ವರ್ಷ ಮಡಿಕೇರಿಯ ಇಳಿಜಾರುಗಳಲ್ಲಿ ಉಸಿರು ಬಿಗಿಹಿಡಿದು ಓಡಿಸಿ, ಒಂದೂ ಕ್ಲೇಮ್ ಮಾಡದೆ ಗಳಿಸಿದ್ದು ನನ್ನ ನೋ ಕ್ಲೇಮ್ ಬೋನಸ್. ಪ್ರೀಮಿಯಂನಲ್ಲಿ ಸಿಗುವ ಭರ್ಜರಿ ರಿಯಾಯಿತಿ. ಎಂ.ಎ.ಯಲ್ಲೂ ನನಗೆ ಬಹುಮಾನ ಬಂದಿರಲಿಲ್ಲ.

ಏಜೆಂಟ್ ರಫೀಕ್‌ಗೆ ಫೋನ್ ಮಾಡಿದೆ.

"ಕ್ಲೇಮ್ ಮಾಡಿದ್ರೆ ಬೋನಸ್ ಹೋಯ್ತು ಮೇಡಂ. ಮತ್ತೆ ಸೊನ್ನೆಯಿಂದ ಶುರು."

"ಆದ್ರೆ ಓಡಿಸಿದ್ದು ದೊಡ್ಡಪ್ಪ!"

"ಯಾರು ಓಡಿಸಿದ್ರೂ ಪಾಲಿಸಿ ನಿಮ್ಮ ಹೆಸರಲ್ಲಲ್ವಾ?"

"ಪ್ರೀಮಿಯಂ ಹಾಕೋವಾಗ ಓಡಿಸೋರ ವಯಸ್ಸು ಕೇಳೋದಿಲ್ವಾ?"

"ಕಾರಿನ ವಯಸ್ಸು ಕೇಳ್ತಾರೆ ಮೇಡಂ."

ನನಗೆ ನಗು ತಡೆಯಲಾಗಲಿಲ್ಲ. ಹಾಗಾದರೆ ರಿಸ್ಕಿ ಡ್ರೈವರ್ ಯಾರು? ಗೇಟಿಗೆ ಗುದ್ದಿದವರೋ, ಕೀ ಕೊಟ್ಟವಳೋ? ನಮ್ಮಲ್ಲಿ ಕಾರು ಕೊಳ್ಳುವುದು ಒಬ್ಬರು, ಓಡಿಸುವುದು ಇಡೀ ಬಳಗ. ಮದುವೆಗೊಬ್ಬ ಒಯ್ಯುತ್ತಾನೆ, ಗೊಬ್ಬರದ ಮೂಟೆಗೊಬ್ಬ. ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಅದೂ ನನಗೆ ಕ್ಲಚ್ ಬಿಡಲು ಕಲಿಸಿದವರಿಗೆ?

ಬಂಪರ್ ಜತೆ ಹೆಡ್‌ಲೈಟು, ಬಾನೆಟ್ಟೂ ಹೋಗಿದ್ದವು. ಫೋಟೊ ನೋಡಿದ ರಫೀಕ್, "ಇಷ್ಟಕ್ಕೆ ಕ್ಲೇಮೇ ವಾಸಿ," ಎಂದರು. "ಗಾಡಿ ಓಡಿಸಿದವರ ಲೈಸೆನ್ಸ್ ಕಾಪಿ ಕಳಿಸಿ. ಅದಿಲ್ಲದಿದ್ರೆ ಕ್ಲೇಮೂ ಇಲ್ಲ."

ಬೋನಸ್ಸಿಗೆ ಮನಸ್ಸಿನಲ್ಲೇ ವಿದಾಯ ಹೇಳಿ ಪಕ್ಕದ ಮನೆಗೆ ನಡೆದೆ. ಪೇಪರ್ ಓದುತ್ತಿದ್ದ ದೊಡ್ಡಪ್ಪನ ಮುಂದೆ ಕೈಚಾಚಿ, "ಲೈಸೆನ್ಸ್ ಕೊಡಿ," ಎಂದೆ.

ಪೇಪರ್ ಇನ್ನಷ್ಟು ಮೇಲೇರಿ ಅವರ ಮುಖ ಮರೆಯಾಯಿತು. ಒಳಗಿನಿಂದ ದೊಡ್ಡಮ್ಮ ಕಿಸಕ್ಕನೆ ನಕ್ಕರು. ಆಗ ನಾನು ಕೇಳಿದೆ:

"ದೊಡ್ಡಪ್ಪಾ, ನಿಮಗೆ ಲೈಸೆನ್ಸ್ ಅಂತ ಒಂದು ಯಾವತ್ತಾದ್ರೂ ಇತ್ತಾ?"